ಮಗಳಿಗೆ ವೆಟರ್ನರಿ ಓದಬೇಕಂತೆ. ಸಿಇಟಿ ಸಾಕಾ, ನೀಟ್ ಕೂಡ ಬೇಕಾ?

ರೈಟ್‌ರೈಟ್_ಕಲಬುರಗಿ ಕೇಳಿದ್ದು:

ಎಲ್ಲರಿಗೂ ಶರಣು. ನಾನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಕಲಬುರಗಿ–ಬೀದರ್ ರೂಟು. ಮಹಾಗಾಂವ ಕ್ರಾಸ್, ಕಮಲಾಪುರ, ಹುಮನಾಬಾದ್ ಅಂತ ಕೂಗುವುದೇ ಕೆಲಸ. ಬರೆಯುವುದು ರೂಢಿಯಿಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮಗಳು ಈಗ ಸೆಕೆಂಡ್ ಪಿಯುಸಿ, ಪಿಸಿಎಂಬಿ. ಫಸ್ಟ್ ಇಯರ್‌ನಲ್ಲಿ ಒಳ್ಳೆ ಮಾರ್ಕ್ಸ್ ಬಂದಿದೆ. ಎಂಬಿಬಿಎಸ್ ಬೇಡ, ಎಂಜಿನಿಯರಿಂಗ್ ಬೇಡ, ದನದ ಡಾಕ್ಟರ್ ಆಗುತ್ತೇನೆ ಅನ್ನುತ್ತಾಳೆ. ನಮ್ಮೂರು ಚಿಂಚೋಳಿ ಕಡೆ. ಊರಲ್ಲಿ ನಮ್ಮಪ್ಪನ ಹೆಸರಲ್ಲಿ ಸ್ವಲ್ಪ ತೊಗರಿ ಹೊಲ ಇದೆ, ಎತ್ತು ಇವೆ, ಒಂದು ಎಮ್ಮೆ ಇದೆ. ಚರ್ಮಗಂಟು ರೋಗ ಬಂದ ವರ್ಷ ಒಂದು ಎತ್ತು ಹೋಯಿತು. ಆಗ ಇವಳು ರಜೆಗೆ ಅಂತ ಊರಲ್ಲೇ ಇದ್ದಳು. ಡಾಕ್ಟರು ಬಂದು ಏನು ಮಾಡಿದರು, ಯಾವ ಸೂಜಿ ಕೊಟ್ಟರು, ಯಾಕೆ ಉಳಿಯಲಿಲ್ಲ ಅಂತ ಅಜ್ಜನ ತಲೆ ತಿಂದಳಂತೆ. ಅಲ್ಲಿಂದ ಹಿಡಿದದ್ದು ಈ ಹಟ.

ನನಗೆ ಬೇಸರವಿಲ್ಲ. ಓದಲಿ. ಆದರೆ ದಾರಿ ಗೊತ್ತಿಲ್ಲ. ಬಸ್ಸಿನಲ್ಲಿ ನಂದಿನಗರಕ್ಕೆ, ಅಂದರೆ ಬೀದರ್ ವೆಟರ್ನರಿ ಕಾಲೇಜಿಗೆ ಹೋಗುವ ಹುಡುಗರನ್ನು ಟಿಕೆಟ್ ಕೊಡುತ್ತಾ ಕೇಳುತ್ತೇನೆ. ಒಬ್ಬ ನೀಟ್ ಬೇಕೇ ಬೇಕು ಅನ್ನುತ್ತಾನೆ. ಇನ್ನೊಬ್ಬ ಸಿಇಟಿ ಸಾಕು ಅನ್ನುತ್ತಾನೆ. ಹಿಂದಿನ ಸೀಟಿನ ಒಬ್ಬ ಹಿರಿಯರು ‘ರೈತರ ಮಕ್ಕಳ ಕೋಟಾ ಇದೆ, ದನ ಗುರುತು ಹಿಡಿದರೆ ಸೀಟು’ ಅಂದರು. ಯಾರನ್ನು ನಂಬುವುದು?

ಇನ್ನೊಂದು. 371ಜೆ ಅಂತಾರಲ್ಲ, ನಮ್ಮ ಕಲ್ಯಾಣ ಕರ್ನಾಟಕದವರ ಮೀಸಲಾತಿ, ಅದು ಇದಕ್ಕೂ ಬರುತ್ತದಾ? ಮಗಳು ಏಳನೇ ತರಗತಿವರೆಗೆ ಊರ ಶಾಲೆ, ಆಮೇಲೆ ಹತ್ತರವರೆಗೆ ಕಲಬುರಗಿಯಲ್ಲಿ. ಎಲ್ಲವೂ ಕನ್ನಡ ಮೀಡಿಯಂ. ಇಂಗ್ಲಿಷ್ ಈಗ ಪಿಯುಸಿಯಲ್ಲಿ ಹೇಗೋ ನಡೆಸಿದ್ದಾಳೆ.

ನಮ್ಮ ಮನೆಯವಳ ಅಣ್ಣ ‘ಹೆಣ್ಣುಮಗಳು ಎಮ್ಮೆ ಹೊಟ್ಟೆಯಲ್ಲಿ ಕೈ ಹಾಕುತ್ತಾಳಾ’ ಅಂತ ನಗುತ್ತಾರೆ. ಅದಕ್ಕೂ ಯಾರಾದರೂ ಉತ್ತರ ಕೊಡಿ, ಮುಂದಿನ ಹಬ್ಬಕ್ಕೆ ಅವರ ಮುಂದೆ ಓದುತ್ತೇನೆ.

ನಂದಿನಗರ_ಹಾಸ್ಟೆಲ್ ಬರೆದದ್ದು:

ಕಾಕಾ, ನಾನು ಬೀದರ್ ಕಾಲೇಜಿನಲ್ಲೇ ಮೂರನೇ ವರ್ಷ. ನಿಮ್ಮ ಬಸ್ಸಿಗೆ ಹತ್ತಿರಲೂಬಹುದು. ನೀಟ್ ಬೇಕು ಅಂದವನು ನಾನಂತೂ ಅಲ್ಲ.

ಬಸ್ಸಿನಲ್ಲಿ ಇಬ್ಬರೂ ಹೇಳಿದ್ದು ಅರ್ಧರ್ಧ ನಿಜ. ಕಾಲೇಜಿನ ಸೀಟುಗಳಲ್ಲಿ 15 ಪರ್ಸೆಂಟ್ ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ. ಅವನ್ನು ನೀಟ್ ರ‍್ಯಾಂಕ್ ನೋಡಿ ಭಾರತೀಯ ಪಶುವೈದ್ಯಕೀಯ ಪರಿಷತ್ತು ತುಂಬುತ್ತದೆ. ರಾಜ್ಯದ ಪಾಲಿನ ಸೀಟು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ, ಸಿಇಟಿ ರ‍್ಯಾಂಕಿನ ಮೇಲೆ. ಅದಕ್ಕೆ ಮ್ಯಾಥ್ಸ್ ಲೆಕ್ಕಕ್ಕಿಲ್ಲ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೇ. ಪಿಯುಸಿ ಬೋರ್ಡ್ ಪರೀಕ್ಷೆಯ ಆ ಮೂರು ವಿಷಯದ ಮಾರ್ಕ್ಸ್ ಅರ್ಧ, ಸಿಇಟಿ ಮಾರ್ಕ್ಸ್ ಅರ್ಧ, ಎರಡೂ ಸೇರಿಸಿ ರ‍್ಯಾಂಕ್ ಬರುತ್ತದೆ. ವೆಟರ್ನರಿಗೆ ರ‍್ಯಾಂಕ್ ಬೇರೆಯೇ ಕೊಡುತ್ತಾರೆ, ಎಂಜಿನಿಯರಿಂಗ್ ರ‍್ಯಾಂಕ್ ನೋಡಿ ಗಾಬರಿಯಾಗಬೇಡಿ.

ಬಹಳ ಜನ ಎಡವುವುದು ಇಲ್ಲೇ. ಕೋಚಿಂಗ್ ಹಿಂದೆ ಬಿದ್ದು ಬೋರ್ಡ್ ಪರೀಕ್ಷೆಯನ್ನು ಸುಮ್ನೆ ಪಾಸಾದರೆ ಸಾಕು ಅಂದುಕೊಳ್ಳುತ್ತಾರೆ. ಸಾಲದು. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಮಾರ್ಕ್ಸ್ ಕಟ್ ಇಲ್ಲ. ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ ಆ ಆಟ ನಡೆಯುವುದಿಲ್ಲ, ಅಲ್ಲಿ ತಪ್ಪಿಗೆ ಮೈನಸ್ ಇದೆ.

ಆದರೂ ನೀಟ್ ಬರೆಯಲಿ ಅಂತ ನಾನು ಹೇಳುತ್ತೇನೆ. ಹೇಗೂ ಓದುವುದು ಅದೇ ಪಾಠ. ಬಂದರೆ ಉದಗೀರ್, ಹೈದರಾಬಾದಿನ ರಾಜೇಂದ್ರನಗರದಂಥ ಬೇರೆ ರಾಜ್ಯದ ಕಾಲೇಜಿಗೂ ಅವಕಾಶ. ಬೀದರ್ ಜನ ಉದಗೀರ್ ಹತ್ತಿರ ಅಲ್ವಾ, ಸುಮ್ನೆ ಹೋಗಿ ಸೇರಬಹುದು ಅಂದುಕೊಳ್ಳುತ್ತಾರೆ. ಅದು ಮಹಾರಾಷ್ಟ್ರದ ಕಾಲೇಜು, ನಮಗೆ ಆ 15 ಪರ್ಸೆಂಟಿನ ಬಾಗಿಲು ಮಾತ್ರ. ಅದರ ಕೌನ್ಸೆಲಿಂಗ್ ಅರ್ಜಿಯನ್ನೂ ಬೇರೆಯಾಗಿ ಹಾಕಬೇಕು. ನೀಟ್ ಬರೆದ ಮಾತ್ರಕ್ಕೆ ತಾನಾಗಿ ಹೆಸರು ಹೋಗುವುದಿಲ್ಲ.

ದನ ಗುರುತು ಹಿಡಿಯುವ ಕಥೆ ಪ್ರಾಕ್ಟಿಕಲ್ ಪರೀಕ್ಷೆಯದು. ಅದನ್ನು ಗೊತ್ತಿದ್ದವರು ಹೇಳಲಿ, ನಾನು ಆ ಕೋಟಾದಲ್ಲಿ ಬಂದವನಲ್ಲ.

ಗಮ್‌ಬೂಟು ಬರೆದದ್ದು:

ಅಣ್ಣಾ, ಶರಣು. ನಾನು ಬೀದರ್ ಜಿಲ್ಲೆಯ ಒಂದು ಪಶು ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿ. ಹೆಂಗಸು. ನಿಮ್ಮ ಭಾವನವರ ಪ್ರಶ್ನೆಗೆ ಕೊನೆಗೆ ಬರುತ್ತೇನೆ. ಮೊದಲು ಕಾಗದಪತ್ರ. ಏಕೆಂದರೆ ನಮ್ಮ ಭಾಗದ ಮಕ್ಕಳು ಮಾರ್ಕ್ಸ್ ಇಲ್ಲದೆ ಸೀಟು ಕಳೆದುಕೊಳ್ಳುವುದಕ್ಕಿಂತ ಕಾಗದ ಇಲ್ಲದೆ ಕಳೆದುಕೊಳ್ಳುವುದನ್ನೇ ಜಾಸ್ತಿ ನೋಡಿದ್ದೇನೆ.

ಕನಿಷ್ಠ ಅರ್ಹತೆ ಸರಳ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮತ್ತು ಇಂಗ್ಲಿಷ್ ಈ ನಾಲ್ಕರಲ್ಲೂ ಪಾಸಾಗಿ, ನಾಲ್ಕೂ ಸೇರಿ 50 ಪರ್ಸೆಂಟ್ ಇರಬೇಕು. ಮೀಸಲಾತಿಯವರಿಗೆ ಇದರಲ್ಲಿ ರಿಯಾಯಿತಿ ಇದೆ. ಇಂಗ್ಲಿಷ್ ರ‍್ಯಾಂಕಿಗೆ ಸೇರುವುದಿಲ್ಲ, ಅರ್ಹತೆಗೆ ಸೇರುತ್ತದೆ. ಕನ್ನಡ ಮೀಡಿಯಂ ಮಕ್ಕಳು ಇದನ್ನು ಮರೆಯಬಾರದು. ವಯಸ್ಸು ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಶಾಲೆಗೆ ಬೇಗ ಸೇರಿಸಿದ ಮನೆಗಳಲ್ಲಿ ಒಮ್ಮೊಮ್ಮೆ ಇದೇ ತೊಡಕಾಗುತ್ತದೆ. ಮಾರ್ಕ್ಸ್ ಕಾರ್ಡಿನ ಜನ್ಮದಿನಾಂಕ ಒಮ್ಮೆ ನೋಡಿಬಿಡಿ.

ಈಗ 371ಜೆ. ಹೌದು, ಇದಕ್ಕೂ ಬರುತ್ತದೆ, ಬಹಳ ಚೆನ್ನಾಗಿ ಬರುತ್ತದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳವರಿಗೆ ನಮ್ಮ ಭಾಗದ ಕಾಲೇಜಿನ ಸೀಟಿನಲ್ಲಿ 70 ಪರ್ಸೆಂಟ್, ಹೊರಗಿನ ಕಾಲೇಜುಗಳಲ್ಲಿ 8 ಪರ್ಸೆಂಟ್ ಮೀಸಲು. ಅಂದರೆ ಬೀದರ್ ಕಾಲೇಜಿನಲ್ಲಿ ನಿಮ್ಮ ಮಗಳ ಪೈಪೋಟಿ ಮುಖ್ಯವಾಗಿ ನಮ್ಮ ಭಾಗದ ಮಕ್ಕಳ ಜೊತೆಯೇ. ಬೆಂಗಳೂರಿನ ಹೆಬ್ಬಾಳ ಕಾಲೇಜಿನಲ್ಲಿ ಸೀಟು ಸಿಗದ ರ‍್ಯಾಂಕಿಗೆ ಬೀದರ್‌ನಲ್ಲಿ ಸಿಗುವುದು ಇದರಿಂದ.

ಅದಕ್ಕೆ ಬೇಕಾದ್ದು ‘ಸ್ಥಳೀಯ ವ್ಯಕ್ತಿ’ ಪ್ರಮಾಣಪತ್ರ. ಕೊಡುವವರು ತಹಶೀಲ್ದಾರರಲ್ಲ, ಸಹಾಯಕ ಆಯುಕ್ತರು. ನಿಮ್ಮದು ಚಿಂಚೋಳಿ ಅಂದರೆ ಸೇಡಂ ಉಪವಿಭಾಗ. ಹುಟ್ಟಿದ ದಾಖಲೆ, ಶಾಲೆಯ ದಾಖಲೆ, ತಂದೆತಾಯಿ ಇಲ್ಲಿಯವರು ಅನ್ನುವುದಕ್ಕೆ ಆಧಾರ, ಇವೆಲ್ಲ ಬೇಕು. ಸಿಇಟಿ ಅರ್ಜಿ ಸಾಮಾನ್ಯವಾಗಿ ಜನವರಿ–ಫೆಬ್ರವರಿಯಲ್ಲಿ ಬರುತ್ತದೆ. ಆ ವೇಳೆಗೆ ಕಾಗದ ನಿಮ್ಮ ಕೈಯಲ್ಲಿರಬೇಕು. ಜಾತಿ, ಆದಾಯದ ಸರ್ಟಿಫಿಕೇಟುಗಳ ಆರ್‌ಡಿ ನಂಬರನ್ನೂ ಅರ್ಜಿಯಲ್ಲೇ ಕೇಳುತ್ತಾರೆ. ಮೂರಕ್ಕೂ ಒಟ್ಟಿಗೆ ಈಗಲೇ ಓಡಾಡಿ. ಡ್ಯೂಟಿ ಇಲ್ಲದ ದಿನ ಮಗಳನ್ನಲ್ಲ, ನೀವೇ ಹೋಗಿ. ಅವಳು ಮನೆಯಲ್ಲಿ ಕೂತು ಓದಲಿ.

ಗ್ರಾಮೀಣ ಕೋಟಾ ಅವಳಿಗೆ ಬರುವುದಿಲ್ಲ. ಅದಕ್ಕೆ ಒಂದರಿಂದ ಹತ್ತರವರೆಗೆ ಪೂರ್ತಿ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಏಳರವರೆಗೆ ಹಳ್ಳಿ, ಆಮೇಲೆ ಪೇಟೆ ಅಂದರೆ ಲೆಕ್ಕಕ್ಕಿಲ್ಲ. ಅರ್ಜಿಯಲ್ಲಿ ಸುಮ್ನೆ ಟಿಕ್ ಮಾಡಬೇಡಿ, ದಾಖಲೆ ಪರಿಶೀಲನೆಯಲ್ಲಿ ನಿಲ್ಲುವುದಿಲ್ಲ. ಆದರೆ ಕನ್ನಡ ಮಾಧ್ಯಮದ 5 ಪರ್ಸೆಂಟ್ ಇದೆಯಲ್ಲ, ಅದಕ್ಕೆ ಅವಳು ಪೂರ್ತಿ ಅರ್ಹಳು. ಊರ ಶಾಲೆ, ಕಲಬುರಗಿ ಶಾಲೆ ಎರಡರಿಂದಲೂ ಬರೆಸಿಕೊಂಡು ಬಿಇಒ ಸಹಿ ಹಾಕಿಸಿ. ನಮ್ಮ ಕಡೆ ಕನ್ನಡ ಮೀಡಿಯಂ ಅಂದರೆ ಹಿಂದೆ ಬಿದ್ದವರು ಅನ್ನೋ ಹಾಗೆ ಮಾತಾಡುತ್ತಾರೆ. ಇಲ್ಲಿ ಅದೇ ಕೈ ಹಿಡಿಯುತ್ತದೆ.

ರೈತರ ಕೋಟಾ ವಿಚಾರ. ಅದು ಸುಳ್ಳಲ್ಲ. ಕೃಷಿಕರ ಮಕ್ಕಳಿಗೆ ಸೀಟಿನಲ್ಲಿ ಒಂದು ಪಾಲು ಇದೆ, ಅದಕ್ಕೆ ಪ್ರಾಕ್ಟಿಕಲ್ ಪರೀಕ್ಷೆ ಇದೆ, ಅದರ ಮಾರ್ಕ್ಸೂ ರ‍್ಯಾಂಕಿಗೆ ಸೇರುತ್ತದೆ. ಆದರೆ ದನ ಕಂಡರೆ ಸೀಟು ಅಂತ ಅಲ್ಲ. ಮೊದಲು ಕೃಷಿಕರ ಕುಟುಂಬ ಅನ್ನುವ ಪ್ರಮಾಣಪತ್ರ ಬೇಕು. ನಿಮ್ಮ ಪಹಣಿ ತಂದೆಯವರ ಹೆಸರಲ್ಲಿದೆ, ನಿಮಗೆ ನಿಗಮದ ಸಂಬಳ ಇದೆ. ಇದೆಲ್ಲ ಅಲ್ಲಿ ಪ್ರಶ್ನೆಯಾಗುತ್ತದೆ. ಆ ವರ್ಷದ ಕೆಇಎ ಪುಸ್ತಕದಲ್ಲಿ ಆ ಭಾಗವನ್ನು ಕೂತು ಓದಿ, ತಹಶೀಲ್ದಾರ ಕಚೇರಿಯಲ್ಲಿ ಕೇಳಿ. ಸಿಕ್ಕರೆ ಒಳ್ಳೆಯದು. ಅದನ್ನೇ ನಂಬಿಕೊಂಡು ಕೂರಬೇಡಿ.

ಓದು ಐದೂವರೆ ವರ್ಷ. ನಾಲ್ಕೂವರೆ ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್. ಇಂಟರ್ನ್‌ಶಿಪ್ ಮುಗಿಯದೆ ಡಿಗ್ರಿ ಇಲ್ಲ, ಡಿಗ್ರಿ ಇಲ್ಲದೆ ಪಶುವೈದ್ಯಕೀಯ ಪರಿಷತ್ತಿನ ನೋಂದಣಿ ಇಲ್ಲ, ನೋಂದಣಿ ಇಲ್ಲದೆ ಚಿಕಿತ್ಸೆ ಮಾಡುವ ಹಾಗಿಲ್ಲ.

ಈಗ ನಿಮ್ಮ ಭಾವನವರಿಗೆ.

ಎಮ್ಮೆ ಹೊಟ್ಟೆಯಲ್ಲಿ ಕೈ ಹಾಕುತ್ತಾಳಾ ಅಂದರೆ, ಹಾಕುತ್ತಾಳೆ. ಭುಜದವರೆಗೆ ಉದ್ದದ ಗ್ಲೌಸ್ ಇರುತ್ತದೆ. ಎರಡನೇ ಸಲಕ್ಕೆ ನಾಚಿಕೆ ಹೋಗುತ್ತದೆ. ಜನ ತಿಳಿದಿರುವುದು ಇದು ರಟ್ಟೆಬಲದ ಕೆಲಸ ಅಂತ. ಎಮ್ಮೆಯ ಜೊತೆ ಬಲದಲ್ಲಿ ಗೆಲ್ಲುವ ಗಂಡಸು ಯಾರಿದ್ದಾರೆ ಹೇಳಿ? ಯಾರೂ ಇಲ್ಲ. ಅದಕ್ಕೇ ಟ್ರೆವಿಸ್ (ದನವನ್ನು ಅಲುಗಾಡದಂತೆ ನಿಲ್ಲಿಸುವ ಕಂಬಗಳ ಚೌಕಟ್ಟು) ಇದೆ, ಹಗ್ಗ ಇದೆ, ಅರಿವಳಿಕೆ ಇದೆ.

ಒಂದು ಉದಾಹರಣೆ ಕೊಡುತ್ತೇನೆ. ಎಮ್ಮೆಗಳಲ್ಲಿ ಈಯಲು ಕಷ್ಟವಾಗುವುದಕ್ಕೆ ದೊಡ್ಡ ಕಾರಣ ಗರ್ಭಕೋಶ ತಿರುಚಿಕೊಳ್ಳುವುದು. ದಿನ ತುಂಬಿದೆ, ಎಮ್ಮೆ ಒದ್ದಾಡುತ್ತಿದೆ, ನೀರಿನ ಚೀಲವೂ ಕಾಣುತ್ತಿಲ್ಲ. ಊರವರು ಕಾಲು ಹಿಡಿದು ಎಳೆಯೋಣ ಅನ್ನುತ್ತಾರೆ. ಎಳೆಯಲು ಕಾಲೇ ಸಿಗುವುದಿಲ್ಲ, ಏಕೆಂದರೆ ದಾರಿಯೇ ತಿರುಚಿ ಮುಚ್ಚಿದೆ. ಆಗ ಕೈ ಹಾಕಿ ತಿರುವು ಬಲಕ್ಕೋ ಎಡಕ್ಕೋ ನೋಡಬೇಕು. ಆಮೇಲೆ ಎಮ್ಮೆಯನ್ನು ತಿರುವಿರುವ ಬದಿಗೇ ಮಲಗಿಸಿ, ಹೊಟ್ಟೆಯ ಮೇಲೆ ಉದ್ದನೆಯ ಹಲಗೆ ಇಟ್ಟು, ಹಲಗೆಯ ಮೇಲೆ ಒಬ್ಬರು ನಿಂತು, ಉಳಿದವರು ಹಗ್ಗ ಹಿಡಿದು ಎಮ್ಮೆಯನ್ನು ಅದೇ ದಿಕ್ಕಿಗೆ ಉರುಳಿಸಬೇಕು. ಹಲಗೆ ಗರ್ಭಕೋಶವನ್ನು ಅಲ್ಲೇ ಹಿಡಿದಿರುತ್ತದೆ, ಮೈ ತಿರುಗುತ್ತದೆ, ಗಂಟು ಬಿಚ್ಚುತ್ತದೆ. ದಿಕ್ಕು ತಪ್ಪಿದರೆ ತಿರುವು ಇನ್ನೂ ಬಿಗಿಯಾಗುತ್ತದೆ. ಇದರಲ್ಲಿ ನನ್ನ ಕೆಲಸ ದಿಕ್ಕು ಹೇಳುವುದು, ಉರುಳಿಸುವುದು ಊರ ಗಂಡಸರದು. ಅವರು ನನ್ನ ಮಾತು ಕೇಳುತ್ತಾರಾ ಅಂದರೆ, ಎಮ್ಮೆಯ ಬೆಲೆ ನೆನಪಾದರೆ ಎಲ್ಲರೂ ಕೇಳುತ್ತಾರೆ.

ಹಾಲು ಜ್ವರ ಬಂದು ಬಿದ್ದ ಹಸುವಿಗೆ ರಕ್ತನಾಳಕ್ಕೆ ಕ್ಯಾಲ್ಸಿಯಂ ಏರಿಸುವುದೂ ಹಾಗೇ. ನಿಧಾನವಾಗಿ, ಎದೆಬಡಿತ ಕೇಳುತ್ತಾ ಕೊಡಬೇಕು. ಅವಸರ ಮಾಡಿದರೆ ಹೃದಯವೇ ನಿಂತುಹೋಗಬಹುದು. ಇದಕ್ಕೆ ಬೇಕಾದ್ದು ತಾಳ್ಮೆ, ತೋಳಲ್ಲ.

ತೊಗರಿಹೊಲ ಬರೆದದ್ದು:

ಎಲ್ಲಾ ಸರಿ. ಆದರೆ ಐದೂವರೆ ವರ್ಷ ಯಾಕೆ ಅಂತ ನನ್ನ ಪ್ರಶ್ನೆ. ಎಸ್‌ಎಸ್‌ಎಲ್‌ಸಿ ಮುಗಿಸಿ ಎರಡು ವರ್ಷದ ಪಶುಸಂಗೋಪನೆ ಡಿಪ್ಲೊಮಾ ಮಾಡಿದವರೂ ಊರಲ್ಲಿ ಡಾಕ್ಟರ್ ಅಂತಲೇ ಕರೆಸಿಕೊಳ್ಳುತ್ತಾರೆ. ನಮ್ಮ ಜೇವರ್ಗಿ ಕಡೆ ಅವರೇ ಸೂಜಿ ಕೊಡುವುದು, ಅವರೇ ಬರುವುದು. ಡಾಕ್ಟರ್ ಮುಖ ನೋಡುವುದು ಲಸಿಕೆ ಹಾಕುವಾಗ ಮಾತ್ರ.

ಮತ್ತೆ ಕಂಡಕ್ಟರ್ ಅಣ್ಣನ ಬಸ್ಸು ದಿನಾ ಮಹಾಗಾಂವ ಕ್ರಾಸ್ ದಾಟುತ್ತದಲ್ಲ, ಅಲ್ಲೇ ಡೈರಿ ಸೈನ್ಸ್ ಕಾಲೇಜು ಇದೆ. ಅದೂ ಅದೇ ಬೀದರ್ ವಿಶ್ವವಿದ್ಯಾಲಯದ್ದು. ಮನೆಯಿಂದ ಹತ್ತಿರ. ಹೆಣ್ಣುಮಗಳಿಗೆ ಅದೇ ಒಳ್ಳೆಯದಲ್ವಾ?

ಗಮ್‌ಬೂಟು ಬರೆದದ್ದು:

ತೊಗರಿಹೊಲದವರೇ, ಡಿಪ್ಲೊಮಾದವರ ಬಗ್ಗೆ ನನಗೆ ಗೌರವ ಇದೆ. ಅವರಿಲ್ಲದೆ ನನ್ನ ಆಸ್ಪತ್ರೆ ಒಂದು ದಿನ ನಡೆಯುವುದಿಲ್ಲ. ಆದರೆ ಕಾನೂನು ಬೇರೆ ಹೇಳುತ್ತದೆ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯಂತೆ ನೋಂದಣಿಯಾದ ಪದವೀಧರರೇ ಪಶುವೈದ್ಯರು. ಡಿಪ್ಲೊಮಾದವರು ಸಣ್ಣಪುಟ್ಟ ಚಿಕಿತ್ಸೆಯನ್ನು ಪಶುವೈದ್ಯರ ಮೇಲುಸ್ತುವಾರಿಯಲ್ಲಿ ಮಾಡಬಹುದು. ಆಪರೇಷನ್, ರೋಗ ಪತ್ತೆ, ಮರಣೋತ್ತರ ಪರೀಕ್ಷೆಯ ವರದಿ, ಇದೆಲ್ಲ ಪದವೀಧರರದು. ನಿಮ್ಮ ಕುರಿ ಸತ್ತು ಇನ್ಶೂರೆನ್ಸ್ ಕೇಳಲು ಹೋದಾಗ ಯಾರ ಸಹಿ ಕೇಳುತ್ತಾರೆ ನೋಡಿ. ಡಾಕ್ಟರ್ ಮುಖ ಕಾಣುವುದಿಲ್ಲ ಅನ್ನುವ ದೂರು ನ್ಯಾಯವಾದದ್ದು. ಒಬ್ಬೊಬ್ಬರಿಗೆ ಎರಡು ಮೂರು ಆಸ್ಪತ್ರೆಯ ಚಾರ್ಜ್ ಇದ್ದರೆ ಹಾಗೇ ಆಗುವುದು. ಅದಕ್ಕೇ ಈ ಹುಡುಗಿ ಓದಲಿ ಅನ್ನುತ್ತಿರುವುದು.

ಡೈರಿ ಕಾಲೇಜು ಒಳ್ಳೆಯ ಕಾಲೇಜೇ. ಆದರೆ ಅದು ಹಾಲಿನ ತಂತ್ರಜ್ಞಾನ. ಅಲ್ಲಿ ಹಸು ಇರುವುದು ಹಾಲು ಬರುವ ಮೂಲವಾಗಿ ಮಾತ್ರ. ಪ್ಯಾಶ್ಚರೈಸರ್, ಬಾಯ್ಲರ್, ಪೌಡರ್ ಪ್ಲಾಂಟ್, ಅದರ ಲೋಕ. ಅದಕ್ಕೆ ಮ್ಯಾಥ್ಸ್ ಬೇಕು, ರ‍್ಯಾಂಕ್ ಪಿಸಿಎಂ ಮೇಲೆ. ಈ ಹುಡುಗಿ ಪಿಸಿಎಂಬಿ ಆದ್ದರಿಂದ ಎರಡೂ ಬಾಗಿಲು ತೆರೆದಿವೆ. ಆ ಲೆಕ್ಕದಲ್ಲಿ ಮ್ಯಾಥ್ಸ್ ಪರೀಕ್ಷೆಯನ್ನೂ ಬಿಡದೆ ಬರೆಯಲಿ. ಆದರೆ ಆಪ್ಷನ್ ಹಾಕುವಾಗ ಮನೆಗೆ ಹತ್ತಿರ ಅನ್ನುವುದನ್ನು ಮೊದಲನೇ ಕಾರಣ ಮಾಡಬೇಡಿ. ಎತ್ತು ಯಾಕೆ ಸತ್ತಿತು ಅಂತ ಕೇಳಿದ ಹುಡುಗಿಯನ್ನು ಬೆಣ್ಣೆ ಯಂತ್ರದ ಮುಂದೆ ನಿಲ್ಲಿಸಿದರೆ ಅವಳೂ ಸುಖವಾಗಿರುವುದಿಲ್ಲ, ಯಂತ್ರವೂ ಸುಖವಾಗಿರುವುದಿಲ್ಲ.

ವೆಟರ್ನರಿ ಆಪ್ಷನ್‌ನಲ್ಲಿ ಬೀದರ್ ಮೊದಲು ಬರೆಯಿರಿ, ಆಮೇಲೆ ಗದಗ, ಶಿವಮೊಗ್ಗ, ಹಾಸನ, ಹೆಬ್ಬಾಳ ಎಲ್ಲವನ್ನೂ. ಹೆಬ್ಬಾಳದ್ದು 1958ರ ಹಳೇ ಕಾಲೇಜು, ಬೆಂಗಳೂರಾದ್ದರಿಂದ ನಾಯಿ ಬೆಕ್ಕು ಜಾಸ್ತಿ ಬರುತ್ತವೆ. ದೊಡ್ಡ ದನ, ಕುರಿ, ಮೇಕೆ ಕೈತುಂಬ ನೋಡಬೇಕೆಂದರೆ ಬೀದರ್ ಚೆನ್ನ. ಸುತ್ತ ದೇವಣಿ ದನ ಇವೆ, ಉಸ್ಮಾನಾಬಾದಿ ಮೇಕೆ ಇವೆ. ಇದು ನನ್ನ ಅಭಿಪ್ರಾಯ, ಹೆಬ್ಬಾಳದವರು ಜಗಳಕ್ಕೆ ಬರಬಹುದು.

ರೈಟ್‌ರೈಟ್_ಕಲಬುರಗಿ ಬರೆದದ್ದು:

ಮೇಡಂ, ನಿಮ್ಮ ಹಲಗೆಯ ವಿಷಯ ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಮ್ಮಪ್ಪ ಫೋನಿನಲ್ಲಿ ಕೇಳಿ ‘ಹೌದು, ನಾನು ನೋಡಿದ್ದೇನೆ, ಹಲಗೆ ಇಟ್ಟು ಉರುಳಿಸುತ್ತಾರೆ’ ಅಂದರು. ಹೆಂಡತಿಯ ಅಣ್ಣ ಏನೂ ಅನ್ನಲಿಲ್ಲ. ಅವರು ಏನೂ ಅನ್ನದಿರುವುದು ನಮ್ಮ ಮನೆಯಲ್ಲಿ ದೊಡ್ಡ ಸುದ್ದಿ.

ಎರಡು ಮಾತು ಇನ್ನೂ ಇವೆ. ಒಂದು ಇಂಗ್ಲಿಷ್. ಅಲ್ಲಿ ಪಾಠ ಎಲ್ಲಾ ಇಂಗ್ಲಿಷಿನಲ್ಲೇ ಅಂತೆ, ಕನ್ನಡ ಮೀಡಿಯಂ ಮಕ್ಕಳು ನಿಭಾಯಿಸುತ್ತಾರಾ? ಎರಡನೇದು ನೌಕರಿ. ಓದಿದ ಮೇಲೆ ಕೆಲಸ ಸಿಗುತ್ತದಾ? ಸಂಬಳದ ಮೇಲೆ ಬದುಕುವವನು ನಾನು, ಕೇಳಲೇಬೇಕು.

ನಂದಿನಗರ_ಹಾಸ್ಟೆಲ್ ಬರೆದದ್ದು:

ಕಾಕಾ, ಇಂಗ್ಲಿಷ್ ಬಗ್ಗೆ ನಾನು ಹೇಳುತ್ತೇನೆ. ನಾನು ಔರಾದ್ ಕಡೆಯವನು, ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಮೊದಲನೇ ವರ್ಷದಲ್ಲಿ ಅನಾಟಮಿ ಇರುತ್ತದೆ. ಎತ್ತನ್ನು ಮಾದರಿ ಇಟ್ಟುಕೊಂಡು ಒಂದೊಂದು ಮೂಳೆ, ಮೂಳೆಯ ಮೇಲಿನ ಗುಂಡಿ, ಗೆರೆ, ಅದಕ್ಕೆ ಅಂಟಿದ ಸ್ನಾಯು, ಎಲ್ಲದಕ್ಕೂ ಹೆಸರು. ಆಮೇಲೆ ಕುದುರೆಯಲ್ಲಿ ಅದೇ ಮೂಳೆ ಹೇಗೆ ಬೇರೆ, ನಾಯಿಯಲ್ಲಿ ಹೇಗೆ, ಕೋಳಿಯಲ್ಲಿ ಹೇಗೆ. ಆ ಹೆಸರುಗಳು ಇಂಗ್ಲಿಷ್ ಮೀಡಿಯಂನವರಿಗೂ ಗೊತ್ತಿರುವುದಿಲ್ಲ, ಲ್ಯಾಟಿನ್ ಅವು. ಅಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ನಿಂತಿರುತ್ತೇವೆ. ಕಷ್ಟವಾಗುವುದು ಪಾಠ ಅರ್ಥವಾಗುವುದಲ್ಲ, ಪರೀಕ್ಷೆಯಲ್ಲಿ ವಾಕ್ಯ ಮಾಡಿ ಬರೆಯುವುದು. ಮತ್ತೆ ವೈವಾದಲ್ಲಿ ಬಾಯಿ ಕಟ್ಟುವುದು. ಈಗಿನಿಂದಲೇ ಬಯಾಲಜಿ ಪಾಠವನ್ನು ಇಂಗ್ಲಿಷಿನಲ್ಲಿ ಜೋರಾಗಿ ಹೇಳಿಕೊಂಡು ಓದಲಿ. ಎರಡನೇ ವರ್ಷಕ್ಕೆ ಪೆಥಾಲಜಿ, ಮೈಕ್ರೋಬಯಾಲಜಿ, ಪ್ಯಾರಸೈಟಾಲಜಿ ಬರುವ ಹೊತ್ತಿಗೆ ಸರಿಹೋಗುತ್ತದೆ.

ಕ್ಲಿನಿಕ್‌ಗೆ ಹೋದಾಗ ಆಟ ತಿರುಗುತ್ತದೆ. ಔರಾದ್ ರೈತರು ಮರಾಠಿ ಮಾತಾಡುತ್ತಾರೆ, ಬೀದರ್ ಪೇಟೆಯವರು ಉರ್ದು ಮಾತಾಡುತ್ತಾರೆ, ಹಳ್ಳಿಯವರು ನಮ್ಮ ಕನ್ನಡ. ಬೆಂಗಳೂರಿನಿಂದ ಬಂದ ನನ್ನ ಗೆಳೆಯ ಇಂಗ್ಲಿಷಿನಲ್ಲಿ ಹುಲಿ. ಆದರೆ ‘ಮೆಲುಕು ಹಾಕುತ್ತಿದೆಯಾ, ಸಗಣಿ ಹೇಗಿದೆ, ಯಾವಾಗಿನಿಂದ ಮೇವು ಬಿಟ್ಟಿದೆ’ ಅಂತ ಕೇಳಿ ಉತ್ತರ ತಿಳಿದುಕೊಳ್ಳಲು ನನ್ನನ್ನೇ ಕರೆಯುತ್ತಾನೆ. ದನಕ್ಕೆ ಬಾಯಿ ಇಲ್ಲ, ಅದರ ಯಜಮಾನರ ಬಾಯಿಂದಲೇ ಅರ್ಧ ರೋಗ ಗೊತ್ತಾಗಬೇಕು.

ಒಂದು ಎಚ್ಚರಿಕೆ. ನನ್ನ 371ಜೆ ಕಾಗದ ಒಂದು ಕಚೇರಿಯಲ್ಲಿ ಎಷ್ಟೋ ದಿನ ಮೇಜಿನಿಂದ ಮೇಜಿಗೆ ಹೋಗದೆ ಕೂತಿತ್ತು. ಹೆಸರಿನ ಸ್ಪೆಲ್ಲಿಂಗ್ ಆಧಾರ್‌ನಲ್ಲಿ ಒಂದು, ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಅಂತ ತಡೆದಿದ್ದರು, ಅದನ್ನು ಯಾರೂ ನಮಗೆ ಹೇಳಲಿಲ್ಲ. ನಿಮ್ಮ ಮಗಳ ಎಲ್ಲಾ ಕಾಗದದಲ್ಲಿ ಹೆಸರು, ತಂದೆಯ ಹೆಸರು, ಇನಿಷಿಯಲ್ ಒಂದೇ ಥರ ಇದೆಯಾ ನೋಡಿ. ಅರ್ಜಿ ಕೊಟ್ಟ ಮೇಲೆ ವಿಚಾರಿಸುತ್ತಲೇ ಇರಿ.

ಕುರಿಮಂದೆ_ಯಾದಗಿರಿ ಬರೆದದ್ದು:

ನೌಕರಿ ವಿಷಯ ನಾನು ಹೇಳುತ್ತೇನೆ, ನನ್ನ ತಮ್ಮ ಇದನ್ನೇ ಓದಿದವನು. ನಾವು ಸುರಪುರ ಕಡೆ, ಕುರಿ ಸಾಕುವವರು.

ಸರ್ಕಾರಿ ಹುದ್ದೆ ಬರುತ್ತದೆ, ಆದರೆ ಪ್ರತಿ ವರ್ಷ ಬರುವುದಿಲ್ಲ. 2024ರಲ್ಲಿ ಕೆಪಿಎಸ್‌ಸಿ 400 ಪಶುವೈದ್ಯಾಧಿಕಾರಿ ಹುದ್ದೆಗೆ ಅರ್ಜಿ ಕರೆದಿತ್ತು. ಅದಕ್ಕೂ ಮುಂಚೆ ಹುಡುಗರು ಬಹಳ ಕಾಲ ಕಾದಿದ್ದರು. ಕಾಯುವಾಗ ಸುಮ್ನೆ ಕೂರಬೇಕಿಲ್ಲ. 1962 ನಂಬರಿನ ಸಂಚಾರಿ ಆಸ್ಪತ್ರೆಗಳಿಗೆ ಡಾಕ್ಟರ್ ಬೇಕು, ಹಾಲು ಒಕ್ಕೂಟಗಳಿಗೆ ಬೇಕು, ಕೋಳಿ ಕಂಪನಿ, ಔಷಧ ಕಂಪನಿ ಇವೆ. ಸೈನ್ಯದಲ್ಲಿ ಕುದುರೆ, ನಾಯಿಗಳಿಗೆ ಅಂತಲೇ ಆರ್‌ವಿಸಿ ಅನ್ನುವ ದಳ ಇದೆ. ನನ್ನ ತಮ್ಮ ಮುಂದೆ ಎಂವಿಎಸ್ಸಿ ಓದಿದ. ಊರಿಗೆ ಬಂದಾಗ ಪಿಪಿಆರ್ (ಕುರಿ-ಮೇಕೆಗಳ ಪ್ಲೇಗ್) ಲಸಿಕೆ, ಕರುಳುಬೇನೆ ಲಸಿಕೆ ಯಾವಾಗ ಹಾಕಿಸಬೇಕು ಅಂತ ಊರಿಗೆಲ್ಲ ಗೋಡೆಯ ಮೇಲೆ ಬರೆದು ಹೋದ. ಮಳೆ ಬಿದ್ದು ಹೊಸ ಹುಲ್ಲು ಚಿಗುರಿದಾಗ ಕೊಬ್ಬಿದ ಮರಿಗಳೇ ಪಟಪಟ ಸಾಯುತ್ತಿದ್ದವು, ಮಾಟ ಅನ್ನುತ್ತಿದ್ದರು. ಕರುಳುಬೇನೆ ಅದು. ಚೆನ್ನಾಗಿ ತಿಂದ ಮರಿಯನ್ನೇ ಹಿಡಿಯುತ್ತದೆ. ಮೇವಿಗೆ ಬಿಡುವ ಮುಂಚೆ ಲಸಿಕೆ ಹಾಕಿಸಿದ ಮೇಲೆ ಮಾಟ ಮಾಡುವವರು ಊರು ಬಿಟ್ಟರು.

ಆದರೆ ಕಂಡಕ್ಟರ್ ಅಣ್ಣಾ, ಸೇರಿದ ಮೊದಲ ವರ್ಷವೇ ಮಗಳಿಗೆ ಹುಚ್ಚುನಾಯಿ ರೋಗದ ಮುಂಜಾಗ್ರತಾ ಲಸಿಕೆ ಹಾಕಿಸಿ. ಮತ್ತೆ ಕಂದು ಹಾಕಿದ ದನದ ಮಾಸು ಬರಿಗೈಯಲ್ಲಿ ಮುಟ್ಟಬಾರದು ಅಂತ ಹೇಳಿ. ಬ್ರುಸೆಲ್ಲಾ ಅನ್ನುವ ರೋಗ ಮನುಷ್ಯರಿಗೂ ಬರುತ್ತದೆ. ಜ್ವರ ಬಿಟ್ಟು ಬಿಟ್ಟು ಬಂದು ಕೀಲುನೋವು ಎಷ್ಟೋ ಕಾಲ ಬಿಡುವುದಿಲ್ಲ. ನನ್ನ ತಮ್ಮನ ಜೊತೆ ಓದಿದ ಒಬ್ಬರು ಅದನ್ನು ಅನುಭವಿಸಿದ್ದಾರೆ. ಡಾಕ್ಟರಮ್ಮ ಈ ಮಾತು ಬರೆಯಲಿಲ್ಲ, ಹೆದರಿಸಬಾರದು ಅಂತ ಇರಬಹುದು.

ಗಮ್‌ಬೂಟು ಬರೆದದ್ದು:

ಹೆದರಿಸಬಾರದು ಅಂತಲ್ಲ ಅಣ್ಣಾ, ಇನ್ನೂ ಸೀಟೇ ಸಿಕ್ಕಿಲ್ಲ ಅಂತ. ಆದರೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಗ್ಲೌಸ್ ಇಲ್ಲದೆ ಮಾಸು ತೆಗೆಯುವುದು ಧೈರ್ಯವಲ್ಲ. ಊರಲ್ಲಿ ‘ಹಿಂದಿನ ಡಾಕ್ಟರು ಬರಿಗೈಯಲ್ಲೇ ತೆಗೆಯುತ್ತಿದ್ದರು’ ಅಂತ ಕೆಣಕುತ್ತಾರೆ. ಕೆಣಕಲಿ.

ರೈಟ್‌ರೈಟ್_ಕಲಬುರಗಿ ಬರೆದದ್ದು:

ಎಲ್ಲರಿಗೂ ಬಹಳ ಉಪಕಾರ. ನಾಳೆ ವೀಕ್ಲಿ ಆಫ್. ಸೇಡಂಗೆ ಹೋಗುತ್ತೇನೆ, ಆಧಾರ್ ಮತ್ತು ಮಾರ್ಕ್ಸ್ ಕಾರ್ಡು ಪಕ್ಕಪಕ್ಕ ಇಟ್ಟು ನೋಡಿದೆ, ಒಂದು ಕಡೆ ಇನಿಷಿಯಲ್ ಮುಂದೆ ಇದೆ, ಇನ್ನೊಂದರಲ್ಲಿ ಹಿಂದೆ ಇದೆ. ಮೊದಲು ಅದನ್ನು ಸರಿಮಾಡಿಸಬೇಕು.

ಮಗಳು ಪಕ್ಕದಲ್ಲೇ ಕೂತು ಓದಿದಳು. ಅವಳದು ಒಂದು ಪ್ರಶ್ನೆ, ಅವಳೇ ಟೈಪ್ ಮಾಡುತ್ತಿದ್ದಾಳೆ: ‘ಮೇಡಂ, ಹಾವು ಕಚ್ಚಿದ ಎತ್ತಿಗೆ ಮನುಷ್ಯರಿಗೆ ಕೊಡುವ ಔಷಧವನ್ನೇ ಕೊಡುತ್ತಾರಾ? ನಮ್ಮೂರಲ್ಲಿ ಎತ್ತಿಗೆ ಔಷಧ ಇಲ್ಲ, ಸುಮ್ನೆ ಮಂತ್ರ ಹಾಕಿಸಬೇಕು ಅನ್ನುತ್ತಾರೆ.’

ಗಮ್‌ಬೂಟು ಬರೆದದ್ದು:

ಕೊಡುತ್ತೇವಮ್ಮ, ಅದನ್ನೇ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಸೇರಿ ಒಂದೇ ಪ್ರತಿವಿಷ ಇದೆ. ಕುದುರೆಗೆ ಸ್ವಲ್ಪ ಸ್ವಲ್ಪ ವಿಷ ಕೊಟ್ಟು, ಅದರ ರಕ್ತದಲ್ಲಿ ಬರುವ ಪ್ರತಿಕಾಯದಿಂದ ಅದನ್ನು ಮಾಡುತ್ತಾರೆ. ಎತ್ತಿಗೂ ಕೆಲಸ ಮಾಡುತ್ತದೆ. ತೊಂದರೆ ಎಂದರೆ ಬಾಟಲಿ ದುಬಾರಿ, ಎಲ್ಲಾ ಕಡೆ ಸಿಗುವುದಿಲ್ಲ, ಮತ್ತು ಜನ ಮಂತ್ರ ಹಾಕಿಸಿ ಕೊನೆಗೆ ನಮ್ಮ ಹತ್ತಿರ ಬರುತ್ತಾರೆ, ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಮಂಡಲ ಕಚ್ಚಿದರೆ ಊತ ಬರುತ್ತದೆ, ರಕ್ತ ಹೆಪ್ಪುಗಟ್ಟುವುದಿಲ್ಲ. ನಾಗರ ಕಚ್ಚಿದರೆ ನರಗಳು ಸೋಲುತ್ತವೆ, ಉಸಿರು ನಿಲ್ಲುತ್ತದೆ. ಯಾವ ಹಾವು ಅಂತ ನೋಡಿದವರಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಸ್ವಲ್ಪ ರಕ್ತ ತೆಗೆದು ಒಣಗಿದ ಗಾಜಿನ ಟ್ಯೂಬಿನಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು ಹೆಪ್ಪುಗಟ್ಟುತ್ತದಾ ನೋಡುತ್ತೇವೆ. ಯಾಕೆ ಹಾಗೆ ಅನ್ನುವುದಕ್ಕೆ ನಿನ್ನ ಪಿಯುಸಿ ಬಯಾಲಜಿಯಲ್ಲಿ ರಕ್ತ ಹೆಪ್ಪುಗಟ್ಟುವ ಪಾಠ ಇದೆ, ಇವತ್ತೇ ತೆಗೆದು ಓದು. ಸಿಇಟಿಗೂ ಬರುತ್ತದೆ.